ಕಾಲೇಜಿಗೆ ಹೋಗಿ ವೆಬ್ ಬಗ್ಗೆ ಮಾತಾಡುವವರಿಗೆ

ಇಂಜಿನಿಯರಿಂಗ್ ಕಾಲೇಜಿನಿಂದ ಫೋನ್ ಬರುತ್ತದೆ. "ಮೇಡಂ, ವೆಬ್ ಅಪ್ಲಿಕೇಶನ್ ಡಿಸೈನ್ ಬಗ್ಗೆ ಒಂದು ಟಾಕ್ ಕೊಡ್ತೀರಾ? ಆನ್‌ಲೈನ್ ಕಮ್ಯುನಿಟಿ ಬಗ್ಗೆನೂ ಸ್ವಲ್ಪ ಹೇಳಿ." ಒಪ್ಪಿಕೊಳ್ಳಿ. ಆದರೆ ಯಾವ ಸೆಮಿಸ್ಟರ್‌ನವರು ಅಂತ ಮೊದಲೇ ಕೇಳಿ. ಏಳನೇ ಸೆಮ್‌ನವರ ತಲೆ ತುಂಬ ಪ್ಲೇಸ್‌ಮೆಂಟ್ ಇರುತ್ತದೆ. ಮೂರನೇ, ನಾಲ್ಕನೇ ಸೆಮ್‌ನವರು ಸಿಕ್ಕರೆ ಒಳ್ಳೆಯದು.

ಒಂದು ಗಂಟೆ ಅಂದರೆ ನಲವತ್ತು ನಿಮಿಷ ಅಂದುಕೊಳ್ಳಿ. ಪ್ರಾರ್ಥನೆ, ಸ್ವಾಗತ, ಪರಿಚಯ, ಶಾಲು ಎಲ್ಲ ಆಗಬೇಕು. ಅದು ಅವರ ಪ್ರೀತಿ, ಬೇಡ ಅನ್ನಬೇಡಿ. ಸ್ಲೈಡ್ ಕಡಿಮೆ ಮಾಡಿಕೊಳ್ಳಿ. ಕಾಲೇಜಿನ ವೈಫೈ ನಂಬಬೇಡಿ. ಒಮ್ಮೆ ನಾನು ತೋರಿಸಬೇಕಿದ್ದ ಅರ್ಧ ಸೈಟುಗಳು ಅಲ್ಲಿ ಬ್ಲಾಕ್ ಆಗಿದ್ದವು. ಫೋನಿನ ಹಾಟ್‌ಸ್ಪಾಟ್ ಇರಲಿ, ಜೊತೆಗೆ ಪ್ರತಿ ಪುಟದ ಸ್ಕ್ರೀನ್‌ಶಾಟ್ ಕೂಡ.

ಯಾವ ಫ್ರೇಮ್‌ವರ್ಕ್ (ಸೈಟ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟು) ಕಲಿಯಬೇಕು ಅನ್ನುವುದರಿಂದ ಶುರು ಮಾಡಬೇಡಿ. ಅದನ್ನು ಹುಡುಗರು ಯೂಟ್ಯೂಬ್‌ನಲ್ಲಿ ನೋಡಿಕೊಳ್ಳುತ್ತಾರೆ. ನಾನು ಕನ್ನಡ ವಿಕಿಪೀಡಿಯ ತೆರೆಯುತ್ತೇನೆ. 2003ರಲ್ಲಿ ಶುರುವಾದದ್ದು, ಅಂದರೆ ಎದುರಿಗೆ ಕೂತವರಲ್ಲಿ ಹೆಚ್ಚಿನವರಿಗಿಂತ ದೊಡ್ಡದು. ಅವರ ಊರಿನದೋ ತಾಲ್ಲೂಕಿನದೋ ಲೇಖನ ಹುಡುಕಿ, ಅದನ್ನು ಓದದೆ ನೇರ ಇತಿಹಾಸದ ಪುಟಕ್ಕೆ ಹೋಗುತ್ತೇನೆ. ಯಾರು, ಯಾವತ್ತು, ಏನು ಬದಲಿಸಿದರು ಅನ್ನುವುದೆಲ್ಲ ಸಾಲಾಗಿ ಕಾಣುತ್ತದೆ. ಎರಡು ಸಾಲು ಆರಿಸಿದರೆ ನಡುವಿನ ವ್ಯತ್ಯಾಸ ಬಣ್ಣದಲ್ಲಿ ಬರುತ್ತದೆ. ಆಮೇಲೆ 'ಚರ್ಚೆ' ಪುಟ. ಆಗ ಕೇಳಿ: "ಯಾರು ಬೇಕಾದರೂ ತಿದ್ದಬಹುದು ಅಂದ ಮೇಲೆ ಇದು ಯಾಕೆ ಕೆಟ್ಟು ಹೋಗಿಲ್ಲ?" ಕೆಡಿಸುವುದಕ್ಕಿಂತ ಸರಿಮಾಡುವುದು ಸುಲಭ ಇರುವ ಹಾಗೆ ಕಟ್ಟಿದ್ದಾರೆ ಅನ್ನುವ ಉತ್ತರ ಹುಡುಗರ ಬಾಯಿಂದಲೇ ಬರಲಿ, ಕಾಯಿರಿ. ತೋರಿಸಲು ಅಂತ ನಿಜವಾದ ಲೇಖನ ಮಾತ್ರ ಕೆಡಿಸಬೇಡಿ. ಪ್ರಯೋಗಕ್ಕೆ ಬೇರೆ ಪುಟ ಇದೆ.

ನಡುವೆ ನಿದ್ದೆ ಹತ್ತುವ ಹೊತ್ತಿಗೆ ಬ್ರೌಸರ್ ಕನ್ಸೋಲ್ (ಬ್ರೌಸರ್ ಒಳಗೇ ಕೋಡ್ ಬರೆದು ನೋಡುವ ಜಾಗ) ತೆರೆದು 'ಸ್ತ್ರೀ' ಪದದ ಲೆಂತ್, ಅಂದರೆ ಉದ್ದ ಕೇಳಿ. ಕಣ್ಣಿಗೆ ಕಾಣುವುದು ಒಂದಕ್ಷರ, ಬರುವ ಉತ್ತರ 6. ಸ, ತ, ರ, ಒತ್ತಕ್ಷರ ಮಾಡುವ ಎರಡು ವಿರಾಮ ಚಿಹ್ನೆ (್), ಒಂದು ಈ-ಕಾರದ ಚಿಹ್ನೆ (ೀ). ಅಕ್ಷರಗಳನ್ನು ಬೈಟುಗಳಾಗಿ ಇಡುವ ಯುಟಿಎಫ್-8 ವಿಧಾನದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 18. ಹೆಸರಿನ ಜಾಗಕ್ಕೆ ಇಪ್ಪತ್ತೇ ಬೈಟ್ ಇಟ್ಟರೆ ಕನ್ನಡದಲ್ಲಿ ಹೆಸರು ಬರೆಯುವವರ ಗತಿ ಏನು? ಯಾರನ್ನು ಒಳಗೆ ಬಿಡುತ್ತೇವೆ ಅನ್ನುವುದು ಮಾಹಿತಿ ಇಡುವ ಡೇಟಾಬೇಸ್‌ನಲ್ಲೇ ನಿರ್ಧಾರ ಆಗಿಬಿಡುತ್ತದೆ, ಅಲ್ವಾ?

ಉಳಿದ ಸಮಯವನ್ನೆಲ್ಲ ಒಂದೇ ಕೆಲಸಕ್ಕೆ ಇಡಿ. ಐದೈದು ಜನರ ಗುಂಪು ಮಾಡಿ, ತಮ್ಮ ಕಾಲೇಜಿಗೆ ಹಳೇ ಪುಸ್ತಕ ಮಾರುವ, ಕೊಳ್ಳುವ ಸೈಟ್ ಯೋಚಿಸಲು ಹೇಳಿ. ಲ್ಯಾಪ್‌ಟಾಪ್ ಬೇಡ, ಒಂದು ಹಾಳೆ ಸಾಕು. ಮೊದಲು ಎಲ್ಲರೂ ಲಾಗಿನ್ ಪುಟ ಬರೆಯುತ್ತಾರೆ. ಬರೆಯಲಿ. ಆಮೇಲೆ ಒಂದೊಂದೇ ಪ್ರಶ್ನೆ ಹಾಕಿ. ಮೊದಲ ದಿನ ಒಂದೂ ಪುಸ್ತಕ ಇಲ್ಲದಾಗ ಪುಟದಲ್ಲಿ ಏನು ಕಾಣುತ್ತದೆ? ಯಾರೋ ಬೈದು ಬರೆದರೆ ತೆಗೆಯುವವರು ಯಾರು? ತೆಗೆದದ್ದು ತಪ್ಪು ಅಂತ ಯಾರ ಹತ್ತಿರ ಹೇಳಬೇಕು?

ಹಾಸನದ ಕಡೆಯ ಒಂದು ಕಾಲೇಜಿನಲ್ಲಿ ಕೊನೆ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: "ಮೇಡಂ, ನನ್ನ ನಂಬರ್ ಯಾರ್ಯಾರಿಗೆ ಕಾಣುತ್ತೆ?" ಅವಳ ಗುಂಪಿನ ನಾಲ್ಕೂ ಹುಡುಗರು ಆ ಹಾಳೆಯಲ್ಲಿ ಫೋನ್ ನಂಬರನ್ನು ಪುಸ್ತಕದ ಹೆಸರಿನ ಕೆಳಗೇ ದೊಡ್ಡದಾಗಿ ಬರೆದಿದ್ದರು. ಒಬ್ಬ ಸುಮ್ನೆ ರಬ್ಬರ್ ತಗೊಂಡು ಅದನ್ನು ಅಳಿಸಿದ. ಅಲ್ಲಿಂದ ಮಾತು ಬೇರೆಯೇ ದಾರಿ ಹಿಡಿಯಿತು. ಸೈಟಿನ ಒಳಗೇ ಮೆಸೇಜ್ ಬೇಕು, ಬೇಡದವರನ್ನು ತಡೆಯಲು ಆಗಬೇಕು, ದೂರು ಕೊಟ್ಟವರ ಹೆಸರು ಹೊರಗೆ ಬರಬಾರದು. ಇಂಥ ಪ್ರಶ್ನೆ ಬಂದಾಗ ಸ್ಲೈಡ್ ಮುಗಿದಿಲ್ಲ ಅಂತ ಓಡಬೇಡಿ. ಬೋರ್ಡಿನ ಮೇಲೆ ಡೇಟಾಬೇಸಿನ ಟೇಬಲ್ ಬರೆಯುವ ಸಮಯ ಅದೇ: ಬಳಕೆದಾರ, ಪೋಸ್ಟ್, ದೂರು. ಪೋಸ್ಟನ್ನು ಪೂರ್ತಿ ಅಳಿಸದೆ ಯಾರು, ಯಾವಾಗ, ಯಾಕೆ ತೆಗೆದರು ಅಂತ ಬರೆದಿಡುವ ಮೂರು ಕಾಲಮ್. ಅವರೇ ಕೇಳಿದ್ದಕ್ಕೆ ಉತ್ತರವಾಗಿ ಬಂದ ಕಾಲಮ್ ಅವರಿಗೆ ಮರೆಯುವುದಿಲ್ಲ.

ಸಮಯ ಉಳಿದರೆ ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ಸೈಟ್ ಸ್ಟ್ಯಾಕ್ ಓವರ್‌ಫ್ಲೋ ಬಗ್ಗೆ ಒಂದು ಮಾತು. ಅಲ್ಲಿ ಹೊಸಬರು ಪ್ರಶ್ನೆ ಕೇಳಬಹುದು, ಆದರೆ ಬೇರೆಯವರ ಪೋಸ್ಟಿಗೆ ಕಾಮೆಂಟ್ ಹಾಕಲು ಬಹಳ ವರ್ಷ, ಬೇರೆಯವರ ವೋಟಿನಿಂದ ಗಳಿಸುವ 50 ಅಂಕ ಬೇಕಾಗಿತ್ತು. ಯಾಕೆ ಹೀಗೆ, ಇದರಿಂದ ಯಾರಿಗೆ ಲಾಭ, ಯಾರಿಗೆ ಬೇಜಾರು ಅಂತ ಯೋಚಿಸಲು ಬಿಡಿ.

ಪ್ರಶ್ನೆಗೆ ಚೀಟಿ ಹಂಚಿ, ಕನ್ನಡದಲ್ಲೇ ಬರೆಯಬಹುದು ಅಂತ ಬಾಯಿಬಿಟ್ಟು ಹೇಳಿ. ಮೈಕ್ ಹಿಡಿಯಲು ಅಂಜುವವರ ಚೀಟಿಯಲ್ಲೇ ಒಳ್ಳೆಯ ಪ್ರಶ್ನೆ ಜಾಸ್ತಿ. ಬೋರ್ಡ್ ಒರೆಸುವ ಮೊದಲು ಫೋಟೋ ತೆಗೆದು ಅವರ ಲೆಕ್ಚರರ್‌ಗೆ ಕಳಿಸಿ. ಮುಗಿದ ತಕ್ಷಣದ ಬಸ್ಸಿಗೆ ಟಿಕೆಟ್ ಮಾಡಿಸಬೇಡಿ. ಮೆಟ್ಟಿಲ ಹತ್ತಿರ ಇಬ್ಬರು ಮೂವರು ಹಾಳೆ ಹಿಡಿದು ಕಾಯುತ್ತಿರುತ್ತಾರೆ.