ಗಾಯದ ನಂತರ ನಾಟಕದ ತಾಲೀಮೂ ಬಿಡದೆ ಮತ್ತೆ ಓಡಲು ಶುರು ಮಾಡುವುದು ಹೇಗೆ?

ನಾಟಕದ ಗೀಳೂ ಇರುವ ಓಟಗಾರರು ಬೆಳಿಗ್ಗೆ ಓಡಿದ ಪ್ರತಿ ಮೀಟರನ್ನೂ ವಾಚಿನಲ್ಲಿ ಲೆಕ್ಕ ಇಡುತ್ತಾರೆ. ಸಂಜೆ ಮೂರು ಗಂಟೆ ಕಾಲ ರಂಗದ ಮೇಲೆ ನಿಂತದ್ದು, ಕುಣಿದದ್ದು, ಮಂಡಿಯೂರಿ ಎದ್ದದ್ದು ಮಾತ್ರ ಯಾವ ಲೆಕ್ಕಕ್ಕೂ ಬರುವುದಿಲ್ಲ. ಕಾಲಿಗೆ ಎರಡೂ ದುಡಿಮೆಯೇ. ಗಾಯವಾಗಿ ವಾರಗಟ್ಟಲೆ ಕೂತವರು ಮತ್ತೆ ಓಡಲು ಹೊರಟಾಗ ನೋವು ಮರುಕಳಿಸಿದರೆ ಬೈಸಿಕೊಳ್ಳುವುದು ಶೂ. ಹಿಂದಿನ ರಾತ್ರಿಯ ತಾಲೀಮನ್ನು ಯಾರೂ ಅನುಮಾನಿಸುವುದಿಲ್ಲ.

ಹಂತ 1: ಕಾಲು ಸಿದ್ಧವಿದೆಯೇ ನೋಡಿ

ಮೂಳೆಯಲ್ಲಿ ಬಿರುಕು ಬಿಟ್ಟಿದ್ದರೆ, ಅಸ್ಥಿರಜ್ಜು (ಲಿಗಮೆಂಟ್) ಹರಿದಿದ್ದರೆ, ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ಕೊಟ್ಟ ವೇಳಾಪಟ್ಟಿಯೇ ಅಂತಿಮ. ಇಲ್ಲಿ ಹೇಳುತ್ತಿರುವುದು ಮೀನಖಂಡದ ಸೆಳೆತ, ಹಿಮ್ಮಡಿ ನೋವು, ಮೊಣಕಾಲ ಚಿಪ್ಪಿನ ಸುತ್ತಲ ನೋವು, ಉಳುಕಿನಂಥವುಗಳಿಂದ ಚೇತರಿಸಿಕೊಂಡವರಿಗೆ.

ಮೂವತ್ತು ನಿಮಿಷ ಬಿರುಸಾಗಿ ನಡೆಯಿರಿ. ಆಗಲೂ ಮರುದಿನ ಬೆಳಿಗ್ಗೆಯೂ ನೋವಿಲ್ಲದಿದ್ದರೆ ಮುಂದಿನ ಪರೀಕ್ಷೆ: ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಗಾಯವಾದ ಕಾಲು ಹೆಚ್ಚುಕಡಿಮೆ ಇನ್ನೊಂದರಷ್ಟೇ ಸಲ ಮಾಡಬೇಕು. ಇಪ್ಪತ್ತು ಸಲ ಆದರೆ ಒಳ್ಳೆಯದು. ಆಮೇಲೆ ಅದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿ. ಕುಂಟು, ಊತ, ರಾತ್ರಿ ಮಲಗಿದಾಗಲೂ ಕಾಡುವ ನೋವು, ಮೂಳೆಯ ಮೇಲೆ ಬೆರಳಿಟ್ಟ ಒಂದೇ ಕಡೆ ಚುಚ್ಚುವ ನೋವು, ಇವುಗಳಲ್ಲಿ ಒಂದಿದ್ದರೂ ಓಟ ಬೇಡ, ವೈದ್ಯರನ್ನು ಕಾಣಿ.

ಹಂತ 2: ತಾಲೀಮಿನ ವೇಳಾಪಟ್ಟಿ ಮೊದಲು, ಓಟದ್ದು ಆಮೇಲೆ

ತಿಂಗಳ ತಾಲೀಮು ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿ ದಿನಕ್ಕೂ ‘ಹಗುರ’ ಅಥವಾ ‘ಭಾರ’ ಎಂದು ಬರೆಯಿರಿ. ಕೂತು ಸ್ಕ್ರಿಪ್ಟ್ ಓದುವ ದಿನ ಹಗುರ. ಕುಣಿತ, ಹೊಡೆದಾಟ, ಸೆಟ್ ಹೊರುವ ಕೆಲಸ ಇರುವ ದಿನ ಭಾರ. ಬ್ಲಾಕಿಂಗ್ (ರಂಗದ ಮೇಲೆ ಯಾರು ಎಲ್ಲಿ ನಿಲ್ಲಬೇಕು, ಹೇಗೆ ಚಲಿಸಬೇಕು ಎಂದು ಗೊತ್ತುಮಾಡುವ) ದಿನವನ್ನು ಹಗುರವೆಂದು ಬರೆಯಲು ಕೈ ಹೋಗುತ್ತದೆ, ಬರೆಯಬೇಡಿ. ಓಡಿ ಬಂದು ಒಂದು ಮಂಡಿಯ ಮೇಲೆ ಕುಸಿಯುವ ದೃಶ್ಯವಿದೆ ಎಂದುಕೊಳ್ಳಿ. ಪ್ರೇಕ್ಷಕರು ಅದನ್ನು ನೋಡುವುದು ಒಂದೇ ಸಲ. ತಾಲೀಮಿನಲ್ಲಿ ಬೆಳಕು ಸರಿಯಿಲ್ಲ ಅಂತ ಒಮ್ಮೆ, ಎದುರಿನ ನಟ ಮಾತು ಮರೆತ ಅಂತ ಇನ್ನೊಮ್ಮೆ, ನಿರ್ದೇಶಕರಿಗೆ ಯಾಕೋ ಸಮಾಧಾನವಾಗಲಿಲ್ಲ ಅಂತ ಮತ್ತೊಮ್ಮೆ ಕುಸಿಯುತ್ತಲೇ ಇರಬೇಕು. ಪ್ರತಿ ಸಲವೂ ಅದೇ ಮಂಡಿ, ಅದೇ ಗಟ್ಟಿ ಹಲಗೆ.

ಓಟವನ್ನು ಹಗುರ ದಿನಗಳಿಗೆ ಹಾಕಿ, ಭಾರದ ತಾಲೀಮಿನ ಮರುದಿನ ಬೆಳಿಗ್ಗೆ ಓಡಬೇಡಿ. ನಿರ್ದೇಶಕರಿಗೆ ಗಾಯದ ವಿಷಯ ಮೊದಲೇ ಹೇಳಿಬಿಡಿ: ನೆಗೆತ, ಕುಸಿತಗಳನ್ನು ತಾಲೀಮಿನಲ್ಲಿ ಸನ್ನೆಯಷ್ಟೇ ಮಾಡುತ್ತೇನೆ, ರನ್‌ಥ್ರೂ (ನಾಟಕವನ್ನು ಮೊದಲಿನಿಂದ ಕೊನೆವರೆಗೆ ನಿಲ್ಲಿಸದೆ ಆಡುವ) ದಿನ ಅವನ್ನು ಪೂರ್ತಿಯಾಗಿ ಮಾಡುತ್ತೇನೆ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಬರಿಗಾಲಿನ ಪಾತ್ರವಾದರೆ ಆರಂಭದ ವಾರಗಳಲ್ಲಿ ಶೂ ಹಾಕಿಕೊಂಡೇ ತಾಲೀಮು ಮಾಡಿ. ಗಟ್ಟಿ ನೆಲದ ಮೇಲೆ ದಿಢೀರನೆ ಗಂಟೆಗಟ್ಟಲೆ ಬರಿಗಾಲಲ್ಲಿ ನಿಂತರೆ ಮೀನಖಂಡ, ಹಿಮ್ಮಡಿ, ಅಂಗಾಲು ಮೂರಕ್ಕೂ ಹೊರೆ ಏರುತ್ತದೆ.

ಹಂತ 3: ನಡಿಗೆಯ ನಡುವೆ ಓಟ

ಐದು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸುತ್ತು. ದಿನ ಬಿಟ್ಟು ದಿನ, ವಾರಕ್ಕೆ ಮೂರೇ ಸಲ. ಒಂದು ಮಟ್ಟವನ್ನು ಎರಡು ಸಲ ತೊಂದರೆಯಿಲ್ಲದೆ ಮುಗಿಸಿದ ಮೇಲೆ ಮುಂದಿನದು: ಎರಡು ನಿಮಿಷ ಓಟಕ್ಕೆ ಎರಡು ನಿಮಿಷ ನಡಿಗೆ, ಆಮೇಲೆ ಮೂರಕ್ಕೆ ಒಂದು, ಐದಕ್ಕೆ ಒಂದು. ನಿಲ್ಲಿಸದೆ ಮೂವತ್ತು ನಿಮಿಷ ಓಡಲು ಆರೆಂಟು ವಾರ ಹಿಡಿದರೆ ಅದು ತಡವಲ್ಲ. ವೇಗ, ಏರು ರಸ್ತೆ ಎಲ್ಲ ಅದರ ನಂತರ, ಅದೂ ಒಂದೊಂದಾಗಿ.

ಇಷ್ಟು ನಿಧಾನವೇಕೆ? ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿಗೆ ಬಡಿಯುತ್ತದೆ. ಉಸಿರು, ಹೃದಯ ಕೆಲವೇ ವಾರಗಳಲ್ಲಿ ಹಳೆಯ ಲಯಕ್ಕೆ ಮರಳುತ್ತವೆ; ಸ್ನಾಯುರಜ್ಜು (ಟೆಂಡನ್) ಮತ್ತು ಮೂಳೆ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ಮೂರನೇ ವಾರದಲ್ಲಿ ‘ಇನ್ನೂ ಓಡಬಲ್ಲೆ’ ಅನ್ನಿಸುವುದು ಈ ಅಂತರದಿಂದಲೇ.

ಹಂತ 4: ವೇಗ ಅಳೆಯಲು ಸಂಭಾಷಣೆ

ಮಾತಾಡುತ್ತ ಓಡಲು ಆಗುವಷ್ಟೇ ವೇಗ ಸಾಕು ಎನ್ನುವುದು ಹಳೆಯ ಸೂತ್ರ. ನಟರ ಬಳಿ ಮಾತಿಗೇನೂ ಬರವಿಲ್ಲ. ನಿಮ್ಮ ಪಾತ್ರದ ಮಧ್ಯಮ ಉದ್ದದ ವಾಕ್ಯವೊಂದನ್ನು ಓಡುತ್ತ ಹೇಳಿ. ನಡುವೆ ಉಸಿರು ಕಡಿಯದೆ ಮುಗಿದರೆ ವೇಗ ಸರಿ. ಕ್ರಿಯಾಪದಕ್ಕೆ ಮುಂಚೆಯೇ ಏದುಸಿರು ಬಂದರೆ ನಿಧಾನಿಸಿ. ದಾರಿಯಲ್ಲಿ ಹೋಗುವವರು ತಿರುಗಿ ನೋಡುತ್ತಾರೆ, ನೋಡಲಿ. ಸಿಟ್ಟಿನ ದೃಶ್ಯಗಳನ್ನು ಮಾತ್ರ ಆರಿಸಿಕೊಳ್ಳಬೇಡಿ, ಮಾತಿನ ಜೊತೆ ಕಾಲೂ ಗೊತ್ತಿಲ್ಲದೆ ಬಿರುಸಾಗುತ್ತದೆ.

ಹೆಜ್ಜೆ ಚಿಕ್ಕದಿರಲಿ. ವೇಗ ಏರಿಸದೆ ನಿಮಿಷಕ್ಕೆ ಇಡುವ ಹೆಜ್ಜೆಗಳನ್ನು ಶೇ 5ರಿಂದ 10ರಷ್ಟು ಹೆಚ್ಚಿಸಿದರೆ ಮೊಣಕಾಲಿನ ಮೇಲಿನ ಹೊರೆ ಕಡಿಮೆಯಾಗುತ್ತದೆ.

ಹಂತ 5: ನೋವಿಗೆ ಅಂಕ ಕೊಡಿ

ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ನೋವು ಮೂರನ್ನು ದಾಟಬಾರದು, ಓಡುತ್ತ ಓಡುತ್ತ ಏರಬಾರದು, ಇಪ್ಪತ್ನಾಲ್ಕು ಗಂಟೆಯೊಳಗೆ ಮೊದಲಿದ್ದಲ್ಲಿಗೆ ಇಳಿಯಬೇಕು. ಹಾಸಿಗೆಯಿಂದ ಇಳಿದು ಇಡುವ ಮೊದಲ ನಾಲ್ಕು ಹೆಜ್ಜೆಗಳನ್ನು ಗಮನಿಸಿ. ಹಿಮ್ಮಡಿ ನಿನ್ನೆಗಿಂತ ಬಿಗಿಯಾಗಿದ್ದರೆ ಹಿಂದಿನ ದಿನದ ಕೆಲಸ ಹೆಚ್ಚಾಯಿತು ಎಂದೇ ಅರ್ಥ. ಒಂದು ಮಟ್ಟ ಕೆಳಗಿಳಿಯಿರಿ, ಮೊದಲಿನಿಂದ ಶುರು ಮಾಡುವ ಅಗತ್ಯವಿಲ್ಲ. ನೋವಿನ ಮಾತ್ರೆ ನುಂಗಿ ಓಡಲು ಹೋಗಬೇಡಿ, ಈ ಸೂಚನೆಗಳೆಲ್ಲ ಮುಚ್ಚಿಹೋಗುತ್ತವೆ.

ಹಂತ 6: ಪ್ರವೇಶಕ್ಕೆ ಕಾಯುವಾಗ ಕಸರತ್ತು

ರಂಗದ ಪಕ್ಕದ ಮರೆಯ ಸೈಡ್ ವಿಂಗ್‌ನಲ್ಲಿ ಸರದಿಗೆ ಕಾಯುವ ಹೊತ್ತು ಸಾಮಾನ್ಯವಾಗಿ ಮೊಬೈಲಿಗೆ ಹೋಗುತ್ತದೆ. ಅಲ್ಲೇ ಗೋಡೆ ಹಿಡಿದು ಹಿಮ್ಮಡಿ ಎತ್ತುವ ವ್ಯಾಯಾಮ ಮಾಡಿ: ಮೊಣಕಾಲು ನೇರವಾಗಿಟ್ಟು ಒಂದು ಸರದಿ, ತುಸು ಬಗ್ಗಿಸಿ ಇನ್ನೊಂದು. ಏರಲು ಮೂರು ಎಣಿಕೆ, ಇಳಿಯಲು ಮೂರು ಎಣಿಕೆ. ವಾರಕ್ಕೆ ಎರಡು ಮೂರು ದಿನ ಸಾಕು. ಸುಲಭವಾದ ಮೇಲೆ ಬೆನ್ನಿಗೆ ಚೀಲ ಹಾಕಿಕೊಂಡು ಭಾರ ಏರಿಸಿ. ಹಲಗೆ ಕಿರುಗುಟ್ಟುವ ಜಾಗ ಬೇಡ.

ಹಂತ 7: ಪ್ರದರ್ಶನದ ವಾರ

ಈ ವಾರ ಹೊಸ ಮಟ್ಟಕ್ಕೆ ಏರುವ ಮಾತೇ ಇಲ್ಲ. ಎರಡು ಸಣ್ಣ ಓಟ ಆದರೆ ಆಯಿತು, ಆಗದಿದ್ದರೂ ಒಂದು ವಾರದಲ್ಲಿ ಕಳೆದುಹೋಗುವ ಕಸುವು ಅತ್ಯಲ್ಪ. ಗ್ರ್ಯಾಂಡ್ ರಿಹರ್ಸಲ್ ಮುಗಿಸಿ ನಡುರಾತ್ರಿ ಮಲಗಿ, ಐದು ಗಂಟೆ ನಿದ್ದೆಯಲ್ಲೇ ಎದ್ದು ಓಡುವ ಹಟ ಬೇಡ. ಆ ಬೆಳಿಗ್ಗೆ ನಿದ್ದೆಯೇ ಚಿಕಿತ್ಸೆ.

ಒಂದು ವಾರ ತಪ್ಪಿದ್ದರೆ ಬಿಟ್ಟ ಮಟ್ಟವನ್ನೇ ಮತ್ತೆ ಮಾಡಿ, ಎರಡು ವಾರ ದಾಟಿದ್ದರೆ ಒಂದೆರಡು ಮಟ್ಟ ಹಿಂದಕ್ಕೆ ಹೋಗಿ. ತಪ್ಪಿದ ಓಟಗಳನ್ನು ಸೇರಿಸಿ ಒಮ್ಮೆಲೇ ತೀರಿಸುವ ಲೆಕ್ಕಾಚಾರ ಬೇಡ. ಕೊನೆಯ ಪ್ರದರ್ಶನದ ರಾತ್ರಿ ಸೆಟ್ ಬಿಚ್ಚಿ, ಪ್ಲಾಟ್‌ಫಾರಂ ಹೊತ್ತು ವಾಹನಕ್ಕೆ ತುಂಬುವುದೂ ಭಾರದ ದಿನವೇ. ನಾಟಕ ಮುಗಿಯಿತೆಂಬ ಉತ್ಸಾಹದಲ್ಲಿ ಮರುದಿನವೇ ಶೂ ಕಟ್ಟುವವರು ಬಹಳ. ನೀವು ಒಂದು ದಿನ ಬಿಟ್ಟು ಕಟ್ಟಿ.