ಎರಡೂವರೆ ಮೀಟರಿನ ಜೆಪ್ಪೆಲಿನ್: ಕತ್ತರಿಸಿದ್ದು ಲೇಸರ್, ನೇರ ಮಾಡಿದ್ದು ನಾನು

ಲೇಸರ್ ಕಟರ್ ಕೈಗೆ ಸಿಕ್ಕರೆ ದೊಡ್ಡ ಮಾಡೆಲ್ ಕಟ್ಟುವುದು ಸುಲಭ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅರ್ಧ ನಿಜ. ಒಂದೊಂದು ತುಂಡನ್ನೂ ಲೇಸರ್ ಕರಾರುವಾಕ್ಕಾಗಿ ಕೊಡುತ್ತದೆ. ಆದರೆ ಅಂಥ ಐನೂರಕ್ಕೂ ಹೆಚ್ಚು ತುಂಡು ಸೇರಿ ಎರಡೂವರೆ ಮೀಟರ್ ಉದ್ದವಾದಾಗ ಅದು ಎಲ್ಲೂ ಸೊಟ್ಟಗಾಗದೆ, ತಿರುಚಿಕೊಳ್ಳದೆ ನಿಲ್ಲಬೇಕಲ್ವಾ? ಅದು ಯಂತ್ರದ ಕೆಲಸ ಅಲ್ಲ. ನನ್ನ ಸಮಯ ಹೆಚ್ಚಾಗಿ ಹೋಗಿದ್ದು ಅಲ್ಲೇ. ಹಾಗಾಗಿ ಈ ಬರಹದಲ್ಲೂ ಅದಕ್ಕೇ ಜಾಸ್ತಿ ಜಾಗ.

ನಾನು ಆರಿಸಿಕೊಂಡಿದ್ದು ಹಿಂಡೆನ್‌ಬರ್ಗ್. 1936ರಲ್ಲಿ ಮೊದಲ ಸಲ ಹಾರಿ, 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಸುಟ್ಟುಹೋದ ಜರ್ಮನ್ ಜೆಪ್ಪೆಲಿನ್, ಅಂದರೆ ಒಳಗೆ ಗಟ್ಟಿ ಪಂಜರವಿದ್ದು ಹಗುರ ಅನಿಲದಿಂದ ತೇಲುವ ವಾಯುನೌಕೆ. ಅದರ ಬೆಂಕಿಯ ಫೋಟೋ ನೋಡದವರು ಕಡಿಮೆ. ನನಗೆ ಮಾತ್ರ ಬೆಂಕಿಗಿಂತ ಬೆಂಕಿಯಲ್ಲಿ ಕಾಣಿಸಿದ ಆ ಅಸ್ಥಿಪಂಜರವೇ ಇಷ್ಟ. 245 ಮೀಟರ್ ಉದ್ದ, ಹೊಟ್ಟೆಯ ಹತ್ತಿರ 41.2 ಮೀಟರ್ ವ್ಯಾಸ. ಒಳಗೆ 16 ಅನಿಲ ಚೀಲಗಳು. ಅಡ್ಡ ಕತ್ತರಿಸಿ ನೋಡಿದರೆ ಅದು ವೃತ್ತವಲ್ಲ, 36 ಮುಖಗಳ ಬಹುಭುಜ. ಇದು ಲೇಸರ್‌ಗೆ ಹೇಳಿ ಮಾಡಿಸಿದ ಆಕಾರ. ಎಲ್ಲವೂ ಚಪ್ಪಟೆ ತುಂಡು, ಎಲ್ಲ ಕೋನವೂ 10 ಡಿಗ್ರಿ.

ಅಳತೆ 1:100 ಇಟ್ಟುಕೊಂಡೆ. ತಲೆಯಲ್ಲೇ ಲೆಕ್ಕ ಆಗುತ್ತದೆ: ಉದ್ದ 2.45 ಮೀಟರ್, ವ್ಯಾಸ 41 ಸೆಂ.ಮೀ., ಹೊಟ್ಟೆಯ ಹತ್ತಿರ ಒಂದೊಂದು ಮುಖ ಸುಮಾರು 36 ಮಿ.ಮೀ. ಅಗಲ.

ನೋಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ, ಇದು ಹಾರುತ್ತಾ ಅಂತ. ಇಲ್ಲ. ಅಸಲಿ ನೌಕೆಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು 2,00,000 ಘನ ಮೀಟರ್ ಹೈಡ್ರೋಜನ್. ಉದ್ದವನ್ನು ನೂರರಿಂದ ಭಾಗಿಸಿದರೆ ಗಾತ್ರ ಹತ್ತು ಲಕ್ಷದಿಂದ ಭಾಗವಾಗುತ್ತದೆ. ಉಳಿಯುವುದು 0.2 ಘನ ಮೀಟರ್, ಅಂದರೆ 200 ಲೀಟರ್. ಒಂದು ಘನ ಮೀಟರ್ ಹೀಲಿಯಂ ಎತ್ತುವುದು ಸುಮಾರು ಒಂದು ಕಿಲೋ. ಹಾಗಾಗಿ ನನ್ನ ನೌಕೆಯ ಎತ್ತುವ ಶಕ್ತಿ 200 ಗ್ರಾಂ, ಪ್ಲೈವುಡ್ ಪಂಜರದ ತೂಕ ಒಂದೂವರೆ ಕಿಲೋ ಮೇಲೆ. ಈ ಲೆಕ್ಕವನ್ನು ಮೊದಲೇ ಮಾಡಿಕೊಂಡರೆ ಒಳ್ಳೆಯದು. ಹಾರಿಸುವ ಆಸೆ ಇದ್ದವರು ಮರ ಬಿಟ್ಟು ತೆಳು ಫಿಲ್ಮ್ ಚೀಲದ ದಾರಿ ಹಿಡಿಯಬೇಕು. ನನ್ನದು ನೇತುಹಾಕಿ ನೋಡುವ ಮಾಡೆಲ್.

ಈಗ ವಿನ್ಯಾಸ. ಎರಡೇ ಬಗೆಯ ತುಂಡು. ಅಡ್ಡಕ್ಕೆ ಬಳೆಗಳು, ಉದ್ದಕ್ಕೆ ಪಟ್ಟಿಗಳು. ಅಸಲಿಯಲ್ಲಿ ಅನಿಲ ಚೀಲಗಳ ನಡುವೆ ಗಟ್ಟಿ ಮುಖ್ಯ ಬಳೆಗಳು, ಅವುಗಳ ಮಧ್ಯೆ ಹಗುರವಾದ ಪೋಷಕ ಬಳೆಗಳು ಇದ್ದವು. ನಾನೂ ಅದೇ ಕ್ರಮ ಇಟ್ಟುಕೊಂಡೆ. ಒಟ್ಟು 40ರ ಆಸುಪಾಸು ಬಳೆ, 36 ಪಟ್ಟಿ.

ಪಟ್ಟಿಗಳ ವಿಷಯದಲ್ಲಿ ಒಂದು ಸಂಗತಿ ಹೊಳೆದ ಮೇಲೆ ಇಡೀ ಕೆಲಸ ಹಗುರವಾಯಿತು. ಮೂತಿಯ ಹತ್ತಿರ ಪಟ್ಟಿಗಳು ಚೆನ್ನಾಗಿ ಬಾಗುತ್ತವೆ. ನೇರ ಕಡ್ಡಿಯನ್ನು ನೀರಲ್ಲಿ ನೆನೆಸಿ ಬಗ್ಗಿಸುವುದು ಹಳೆಯ ರೂಢಿ. ಹಾಗೆ ಬಗ್ಗಿಸಿದ ಕಡ್ಡಿ ಒಣಗಿದ ಮೇಲೂ ಬಳೆಗಳನ್ನು ಎಳೆಯುತ್ತಲೇ ಇರುತ್ತದೆ. ಆದರೆ ನೌಕೆಯ ಒಂದೊಂದು ಉದ್ದಪಟ್ಟಿಯೂ ನಡುಅಕ್ಷದ ಮೂಲಕ ಹಾಯುವ ಒಂದು ಸಮತಲದಲ್ಲೇ ಇರುತ್ತದೆ. ಅಂದರೆ ಅದು ಪೂರ್ತಿ ಚಪ್ಪಟೆ ವಕ್ರರೇಖೆ! ಬಗ್ಗಿಸುವುದೇ ಬೇಡ. ಹಾಳೆಯ ಮೇಲೆ ಬಾಗಿದ ಆಕಾರದಲ್ಲೇ ಕತ್ತರಿಸಿದರೆ ಆಯಿತು. 36 ಪಟ್ಟಿಗೂ ಒಂದೇ ಡ್ರಾಯಿಂಗ್. 1.5 ಮಿ.ಮೀ. ಬರ್ಚ್ ಮರದ ಪ್ಲೈವುಡ್, 8 ಮಿ.ಮೀ. ಆಳ. ಬಳೆ ಕೂರುವ ಸ್ಲಾಟನ್ನು ಪಟ್ಟಿಯ ಅಂಚಿಗೆ ಲಂಬವಾಗಿ ಹಾಕಬಾರದು, ನೌಕೆಯ ಅಕ್ಷಕ್ಕೆ ಲಂಬವಾಗಿ ಹಾಕಬೇಕು. ಮಧ್ಯದಲ್ಲಿ ಎರಡೂ ಒಂದೇ. ಮೂತಿಯಲ್ಲಿ ಅಲ್ಲ.

ಮೂತಿಯಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಬಳೆ 3 ಮಿ.ಮೀ. ದಪ್ಪ. ಹೊರಮೈ 45 ಡಿಗ್ರಿ ಇಳಿಜಾರಾಗಿರುವ ಕಡೆ ಬಳೆಯ ಮುಂದಿನ ಮುಖದ ವ್ಯಾಸಾರ್ಧ ಹಿಂದಿನದಕ್ಕಿಂತ 3 ಮಿ.ಮೀ. ಕಡಿಮೆ ಇರಬೇಕು. ಲೇಸರ್ ನೆಟ್ಟಗೆ ಮಾತ್ರ ಕತ್ತರಿಸುತ್ತದೆ. ಹಾಗಾಗಿ ಚಿಕ್ಕ ಅಳತೆಯನ್ನೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಬಳೆಯ ಅಂಚು ಹೊದಿಕೆಯನ್ನು ಒತ್ತುತ್ತದೆ. ಉಳಿದ ಕಡೆಯೂ ಬಳೆಗಳನ್ನು ಒಂದೂವರೆ ಮಿ.ಮೀ. ಒಳಗೇ ಇಟ್ಟೆ. ಹೊದಿಕೆ ಪಟ್ಟಿಗಳನ್ನು ಮಾತ್ರ ಮುಟ್ಟಬೇಕು. ಆಗಲೇ ಆ 36 ಮುಖಗಳು ಗರಿಗರಿಯಾಗಿ ಕಾಣುವುದು.

ತೀರಾ ತುದಿಗೆ 36 ಪಟ್ಟಿಯೂ ಹೋಗಲಾರವು. 1.5 ಮಿ.ಮೀ.ನ 36 ಪಟ್ಟಿ ಪಕ್ಕಪಕ್ಕ ನಿಂತರೆ 54 ಮಿ.ಮೀ. ಸುತ್ತಳತೆ ಬೇಕು. 17 ಮಿ.ಮೀ. ವ್ಯಾಸಕ್ಕೆ ಬರುವಾಗ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅರ್ಧದಷ್ಟನ್ನು ಅದಕ್ಕೂ ಮೊದಲೇ ಒಂದು ಬಳೆಯಲ್ಲಿ ನಿಲ್ಲಿಸಿದೆ. ಮೂತಿಯ ಟೋಪಿ ಪ್ಲೈ ಬಿಲ್ಲೆಗಳನ್ನು ಪೇರಿಸಿ ಉಜ್ಜಿದ್ದು.

ನನಗೆ ಸಿಕ್ಕ ಯಂತ್ರದ ಹಾಸು 600×400 ಮಿ.ಮೀ. 41 ಸೆಂ.ಮೀ. ಬಳೆ ಅದರಲ್ಲಿ ಇಡಿಯಾಗಿ ಹಿಡಿಸುವುದಿಲ್ಲ. ಹಿಡಿಸಿದ್ದರೂ ಇಡಿಯಾಗಿ ಕತ್ತರಿಸುತ್ತಿರಲಿಲ್ಲ ಅನ್ನಿ. ನಡುವಿನ ಬಳೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ಒಂದರೊಳಗೆ ಒಂದು ಕೂರುವುದಿಲ್ಲ, ಹಾಳೆ ಸುಮ್ನೆ ದಂಡ. ಅದರ ಬದಲು ಒಂದೊಂದು ಬಳೆಯನ್ನೂ ನಾಲ್ಕು ಕಾಲುಭಾಗ ಮಾಡಿ, 1.5 ಮಿ.ಮೀ.ನ ಎರಡು ಪದರಗಳಲ್ಲಿ ಕತ್ತರಿಸಿದೆ. ಮೇಲಿನ ಪದರದ ಕೀಲು ಕೆಳಗಿನ ಪದರದ ನಡುವೆ ಬರುವಂತೆ ಅಂಟಿಸಿದರೆ ಬಳೆ ಗಟ್ಟಿಯಾಗುತ್ತದೆ. ಕಾಲುಭಾಗದ ಕಮಾನುಗಳು ಒಂದರ ಹಿಂದೆ ಒಂದು ಒತ್ತಾಗಿ ಕೂರುತ್ತವೆ, ಹಾಳೆಯಲ್ಲಿ ಉಳಿಯುವುದು ಮೂಲೆ ಮಾತ್ರ. ಉದ್ದಪಟ್ಟಿಗಳು ತಲಾ ಐದು ತುಂಡು. ತುದಿಗಳನ್ನು ಸುಮಾರು 50 ಮಿ.ಮೀ. ಉದ್ದಕ್ಕೆ ಓರೆಯಾಗಿ ಕತ್ತರಿಸಿ ಜೋಡಿಸಿದೆ. ಅಕ್ಕಪಕ್ಕದ ಪಟ್ಟಿಗಳ ಕೀಲು ಒಂದೇ ಜಾಗದಲ್ಲಿ ಬರದ ಹಾಗೆ ನೋಡಿಕೊಳ್ಳಬೇಕು. ಬಂದರೆ ಅಲ್ಲೇ ಸೊಂಟ ಮುರಿಯುತ್ತದೆ.

ಕರ್ಫ್ ವಿಷಯ ಬಲ್ಲವರಿಗೆ ಹಳೆಯದು. ಹೊಸಬರಿಗಾಗಿ ಹೇಳುತ್ತೇನೆ. ಲೇಸರ್ ಕಿರಣ ತಾನು ಹೋದ ದಾರಿಯಷ್ಟು ಮರವನ್ನು ಸುಟ್ಟು ತಿನ್ನುತ್ತದೆ. ಅದೇ ಕರ್ಫ್. ಅಳೆಯುವುದು ಸುಲಭ. 10 ಮಿ.ಮೀ. ಅಗಲದ ಹತ್ತು ಪಟ್ಟಿ ಕತ್ತರಿಸಿ, ಒತ್ತಾಗಿ ಜೋಡಿಸಿ, ಒಟ್ಟು ಅಗಲ ಅಳೆಯಿರಿ. 98.2 ಬಂದರೆ ಕರ್ಫ್ 0.18 ಮಿ.ಮೀ. ಇನ್ನು ಪ್ಲೈ ಹಾಳೆಯ ಮೇಲೆ ಬರೆದ ದಪ್ಪವನ್ನು ನಂಬಬಾರದು. 3 ಮಿ.ಮೀ. ಅಂದಿದ್ದು 2.7 ಇರಬಹುದು, 3.2 ಇರಬಹುದು. ಎರಡು ಪದರ ಅಂಟಿಸಿದರೆ ನಡುವೆ ಅಂಟಿನ ದಪ್ಪವೂ ಸೇರುತ್ತದೆ. ಅದಕ್ಕೇ ನನ್ನ ಕ್ರಮ ಹೀಗಿತ್ತು: ಮೊದಲು ಬಳೆಗಳನ್ನೆಲ್ಲ ಕತ್ತರಿಸಿ, ಅಂಟಿಸಿ, ಒಣಗಿಸಿ, ಕ್ಯಾಲಿಪರ್‌ನಲ್ಲಿ ಅಳೆದು, ಆಮೇಲೆ ಪಟ್ಟಿಗಳ ಸ್ಲಾಟ್ ಅಗಲ ನಿರ್ಧರಿಸುವುದು. ಸ್ಲಾಟ್ ಬಿಗಿಯಾಗಿ ಸುತ್ತಿಗೆ ಕೇಳುವಂತೆ ಇರಬಾರದು. ಒಂದು ಬಳೆಯಲ್ಲಿ 36 ಬಿಗಿ ಸ್ಲಾಟ್ ಇದ್ದರೆ ಎಲ್ಲ ಸೇರಿ ಬಳೆಯನ್ನೇ ಹಿಗ್ಗಿಸುತ್ತವೆ. ಬೆರಳಲ್ಲಿ ಒತ್ತಿದರೆ ಕೂರಬೇಕು, ತಲೆಕೆಳಗೆ ಹಿಡಿದರೆ ಬೀಳಬಾರದು. ಅಷ್ಟು ಸಾಕು.

ಕತ್ತರಿಸುವಾಗ ಗಮನಿಸಬೇಕಾದ್ದು ಪ್ಲೈ ಒಳಗಿನ ಅಂಟು. ಹೊರಾಂಗಣಕ್ಕೆಂದು ಮಾಡಿದ, ನೀರಿಗೆ ಜಗ್ಗದ ಪ್ಲೈನಲ್ಲಿರುವ ಫಿನಾಲಿಕ್ ಅಂಟು ಲೇಸರ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಒಳಾಂಗಣದ ಪ್ಲೈ ಸಲೀಸು. ಹಾಳೆ ಸೊಟ್ಟಗಿದ್ದರೆ ಆಯಸ್ಕಾಂತ ಇಟ್ಟು ಯಂತ್ರದ ಜೇನುಗೂಡಿನಂಥ ಹಾಸಿನ ಮೇಲೆ ಒತ್ತಿ ಹಿಡಿಯಬೇಕು. ಫೋಕಸ್ ತಪ್ಪಿದರೆ ಕರ್ಫ್ ಬದಲಾಗುತ್ತದೆ. ಯಂತ್ರ ಓಡುವಾಗ ಪಕ್ಕದಿಂದ ಏಳಬೇಡಿ, ಮರ ಯಾವಾಗ ಬೇಕಾದರೂ ಹೊತ್ತಿಕೊಳ್ಳಬಹುದು. ಪಿವಿಸಿ ಹಾಳೆ ಮಾತ್ರ ಆ ಯಂತ್ರದ ಹತ್ತಿರ ತರಲೇಬೇಡಿ. ಅದರ ಹೊಗೆಯಲ್ಲಿರುವ ಕ್ಲೋರಿನ್ ಅಂಶ ಶ್ವಾಸಕೋಶವನ್ನೂ ತಿನ್ನುತ್ತದೆ, ಯಂತ್ರದ ಕಬ್ಬಿಣವನ್ನೂ.

ಎಲ್ಲ ತುಂಡಿನ ಮೇಲೂ ಅದರ ಸಂಖ್ಯೆ ಮತ್ತು ಮೂತಿಯ ಕಡೆ ತೋರಿಸುವ ಬಾಣವನ್ನು ಲೇಸರ್‌ನಲ್ಲೇ ಕೆತ್ತಿಸಿ. 17ನೇ ಬಳೆಗೂ 18ನೇ ಬಳೆಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ.

ಇನ್ನು ಜೋಡಣೆ. ಬಳೆಗಳನ್ನು ಒಂದು ಸಾಲಿನಲ್ಲಿ ಹಿಡಿದು ನಿಲ್ಲಿಸಲು 20 ಮಿ.ಮೀ. ಅಲ್ಯೂಮಿನಿಯಂ ಚೌಕ ಕೊಳವೆ ತೆಗೆದುಕೊಂಡೆ. ದುಂಡು ಕೊಳವೆ ಬೇಡ, ಬಳೆ ಅದರ ಮೇಲೆ ತಿರುಗುತ್ತದೆ. ಒಂದೊಂದು ಬಳೆಗೂ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಕತ್ತರಿಸಿದ ತಾತ್ಕಾಲಿಕ ಅರೆಗಾಲುಗಳ (ಸ್ಪೋಕ್‌ಗಳ) ಚಕ್ರ, ಚಕ್ರದ ನಡುವೆ ಚೌಕ ತೂತು. ಈ ತೂತಿನ ಬಿಗಿಯೇ ಎಲ್ಲ. ಕಾಲು ಮಿ.ಮೀ. ಸಡಿಲ ಇದ್ದರೂ ಅದು ಬಳೆಯ ಅಂಚಿಗೆ ಹೋಗುವಷ್ಟರಲ್ಲಿ ಎರಡು ಮಿ.ಮೀ. ದಾಟಿದ ಓಲಾಟ ಆಗುತ್ತದೆ. ನಾನು ಎಲ್ಲ ಚಕ್ರಕ್ಕೂ ಕಾಗದದ ಚೂರು ತುರುಕಿ ಬಿಗಿ ಮಾಡಿದೆ. ಸಂದಿ ತುಂಬಲು ಕಾಗದಕ್ಕಿಂತ ಒಳ್ಳೆಯ ಶಿಮ್ ಇಲ್ಲ.

ಕೊಳವೆಯೂ ಬಾಗುತ್ತದೆ, ಅದನ್ನು ಮರೆಯಬಾರದು. ಒಂದೂವರೆ ಮಿ.ಮೀ. ಗೋಡೆಯ ಎರಡೂವರೆ ಮೀಟರ್ ಕೊಳವೆಯನ್ನು ಎರಡೂ ತುದಿಯಲ್ಲಿ ಇಟ್ಟು ಈ ಭಾರ ಹೊರಿಸಿದರೆ ನಡುವೆ ಸುಮಾರು ಒಂದು ಸೆಂ.ಮೀ. ಜಗ್ಗುತ್ತದೆ ಅಂತ ಲೆಕ್ಕ ಹೇಳಿತು. ಅದೇ ಸ್ಥಿತಿಯಲ್ಲಿ ಅಂಟಿಸಿದರೆ ಆ ಜಗ್ಗು ನೌಕೆಯಲ್ಲಿ ಶಾಶ್ವತ. ಪರಿಹಾರ ಸರಳ: ಆಸರೆಗಳನ್ನು ತುದಿಯಿಂದ ಒಳಕ್ಕೆ ತರುವುದು. ಉದ್ದದ ಶೇ. 22ರಷ್ಟು ಒಳಗೆ, ಅಂದರೆ ಎರಡೂ ಕಡೆಯಿಂದ ಸುಮಾರು 54 ಸೆಂ.ಮೀ. ಒಳಗೆ ಇಟ್ಟರೆ, ಸಮ ಭಾರದ ತೊಲೆಯ ನಡುಜಗ್ಗು ಸುಮಾರು 40–50ನೇ ಒಂದು ಪಾಲಿಗೆ ಇಳಿಯುತ್ತದೆ. 36 ಮಿ.ಮೀ. ಸಂದಿಯಲ್ಲಿ ತೂರುವಷ್ಟು ತೆಳುವಾದ ಎರಡು ಸ್ಟ್ಯಾಂಡ್ ಮಾಡಿಕೊಂಡೆ.

ಪಟ್ಟಿಗಳನ್ನು ಒಂದು ಕಡೆಯಿಂದ ಸಾಲಾಗಿ ಕೂರಿಸುತ್ತಾ ಹೋದರೆ ಪಂಜರ ಆ ಕಡೆಗೆ ಎಳೆದುಕೊಳ್ಳುತ್ತದೆ. ಮೇಲೊಂದು, ಕೆಳಗೊಂದು, ಎಡಕ್ಕೊಂದು, ಬಲಕ್ಕೊಂದು. ಆಮೇಲೆ ಅವುಗಳ ನಡುವೆ. ಸುತ್ತಲೂ ಎಂಟು ಪಟ್ಟಿ ಕೂತ ಮೇಲೆ ಮೂತಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ. ತಿರುಚು ಇದ್ದರೆ ಪಟ್ಟಿಗಳ ಸಾಲು ಸುರುಳಿಯಾಗಿ ಹೋಗುವುದು ತಕ್ಷಣ ಗೊತ್ತಾಗುತ್ತದೆ. ಇಷ್ಟು ಹೊತ್ತೂ ಅಂಟು ಹಾಕಬಾರದು. ಎಲ್ಲ ಕೂತ ಮೇಲೆ ತೆಳು ಅಂಟನ್ನು ಕೀಲಿಗೆ ಹನಿಸಿದರೆ ಸಾಕು. ಲೇಸರ್‌ನಿಂದ ಕರಕಲಾದ ಅಂಚಿಗೆ ಮರದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮುಖ್ಯ ಕೀಲುಗಳನ್ನು ಮರಳುಕಾಗದದಿಂದ ಒಂದೆರಡು ಸಲ ಉಜ್ಜಿರಬೇಕು.

ಅಂಟು ಒಣಗಿದರೂ ಪಂಜರವನ್ನು ಎರಡು ತುದಿ ಹಿಡಿದು ತಿರುಚಿದರೆ ಇನ್ನೂ ತಿರುಚುತ್ತಿತ್ತು. ಚೌಕಗಳಿಂದಲೇ ಮಾಡಿದ ಯಾವ ಪಂಜರವಾದರೂ ಹೀಗೇ. ಅಸಲಿ ಜೆಪ್ಪೆಲಿನ್‌ಗಳಲ್ಲಿ ಚೌಕಗಳಿಗೆ ಕರ್ಣದುದ್ದಕ್ಕೂ ತಂತಿ ಎಳೆಯುತ್ತಿದ್ದರು, ಮುಖ್ಯ ಬಳೆಗಳ ಒಳಗೂ ತಂತಿಗಳ ಬಲೆ. ನಾನು ಪಾಲಿಯೆಸ್ಟರ್ ದಾರ ಬಳಸಿದೆ. ಸುತ್ತಲಿನ ಎಲ್ಲ ಚೌಕಕ್ಕೂ ಬೇಡ, ಎಂಟು ಸಾಲಿಗೆ ಅಡ್ಡಕ್ಕಡ್ಡ ದಾರ ಹಾಕಿದರೂ ಪಂಜರ ಕಲ್ಲಿನಂತಾಗುತ್ತದೆ. ಎದುರುಬದುರು ದಾರಗಳ ಬಿಗಿ ಒಂದೇ ಇರಬೇಕು. ಬೆರಳಲ್ಲಿ ಮೀಟಿದರೆ ಬರುವ ಸದ್ದಿನಲ್ಲೇ ಹೊಂದಿಸಬಹುದು. ಇದು ಬೇಸರದ ಕೆಲಸ. ಆದರೆ ಇದನ್ನು ಬಿಟ್ಟರೆ ಮೇಲೆ ಹೇಳಿದ ಕೊಳವೆ-ಚಕ್ರಗಳ ಜಿಗ್, ಲೆಕ್ಕ ಎಲ್ಲ ವ್ಯರ್ಥ.

ನೌಕೆ ಮೂರು ಭಾಗವಾಗಿ ಬಿಚ್ಚಿಕೊಳ್ಳುತ್ತದೆ. ಎರಡು ಕಡೆ ಜೋಡಿ ಬಳೆ ಹಾಕಿ ಎಂ3 (3 ಮಿ.ಮೀ.) ಬೋಲ್ಟ್ ಕೊಟ್ಟಿದ್ದೇನೆ. ಮೆಟ್ಟಿಲಿನ ತಿರುವಿನಲ್ಲಿ ಎರಡೂವರೆ ಮೀಟರ್ ವಸ್ತು ತಿರುಗುವುದಿಲ್ಲ ಅನ್ನುವುದು ಒಂದು ಕಾರಣ. ಕೊಳವೆ ಎಳೆದ ಮೇಲೆ ಒಳಗಿನ ಎಂಡಿಎಫ್ ಚಕ್ರಗಳನ್ನು ಆ ತೆರೆದ ತುದಿಗಳಿಂದ ಹೊರತೆಗೆಯಬಹುದು ಅನ್ನುವುದು ಇನ್ನೊಂದು. ಜೋಡಿ ಬಳೆಗಳಿಗೆ ಬೋಲ್ಟ್ ತೂತುಗಳನ್ನು ಒಟ್ಟಿಗೇ ಕತ್ತರಿಸಿ, ಇಡೀ ನೌಕೆಯನ್ನು ಒಂದೇ ಕೊಳವೆಯ ಮೇಲೆ ಬೋಲ್ಟ್ ಬಿಗಿದೇ ಕಟ್ಟಬೇಕು. ಬೇರೆ ಬೇರೆ ಕಟ್ಟಿ ಆಮೇಲೆ ಸೇರಿಸುವ ದಾರಿ ನನಗೆ ಹಿಡಿಸಲಿಲ್ಲ.

ಬಾಲದ ರೆಕ್ಕೆಗಳು ಕಣ್ಣಿಗೆ ಕಾಣುವುದಕ್ಕಿಂತ ಭಾರ. ಅಮೆರಿಕದ ಮೇಕನ್ ವಾಯುನೌಕೆ 1935ರಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಬಿರುಗಾಳಿಯಲ್ಲಿ ಮೇಲಿನ ರೆಕ್ಕೆ ಕಿತ್ತುಹೋಗಿಯೇ ಸಮುದ್ರಕ್ಕೆ ಬಿತ್ತು. ಮಾಡೆಲ್‌ನಲ್ಲಿ ಬಿರುಗಾಳಿ ಇಲ್ಲ, ಆದರೆ ಎತ್ತುವವರು ಹಿಡಿಯುವುದು ಮೊದಲು ರೆಕ್ಕೆಯನ್ನೇ. ಹಾಗಾಗಿ ರೆಕ್ಕೆಗಳನ್ನು ಹೊರಮೈಗೆ ಅಂಟಿಸಲಿಲ್ಲ. ಒಂದಕ್ಕೊಂದು ಸ್ಲಾಟ್ ಹಾಕಿದ ಎರಡು ಅಡ್ಡ ತೊಲೆ ಬಾಲದೊಳಗಿನಿಂದ ಹಾದು ನಾಲ್ಕೂ ರೆಕ್ಕೆಯನ್ನು ಹಿಡಿದಿವೆ.

ಹೊದಿಕೆ ಅರ್ಧಕ್ಕೆ ಮಾತ್ರ. ಅಸಲಿಗೆ ಹತ್ತಿ ಮತ್ತು ಲಿನನ್ ಬಟ್ಟೆ ಹೊದಿಸಿ ಅಲ್ಯೂಮಿನಿಯಂ ಪುಡಿ ಬೆರೆಸಿದ ಡೋಪ್ (ಹೊದಿಕೆಯನ್ನು ಬಿಗಿ ಮಾಡುವ ಮೆರುಗು) ಬಳಿದಿದ್ದರು. ಆ ಬೆಳ್ಳಿ ಬಣ್ಣ ಅದರದ್ದು. ನಾನು ಮಾಡೆಲ್ ಟಿಶ್ಯೂ ಅನ್ನುವ ತೆಳು ಕಾಗದ ಅಂಟಿಸಿ, ನೀರು ಚಿಮುಕಿಸಿ ಬಿಗಿ ಮಾಡಿ, ಮೇಲೆ ಬೆಳ್ಳಿ ಬಳಿದೆ. ಒಂದೇ ಪಕ್ಕಕ್ಕೆ ಹೊದಿಸಿದರೆ ಟಿಶ್ಯೂ ಬಿಗಿಯಾಗುವಾಗ ಪಂಜರ ಆ ಪಕ್ಕಕ್ಕೆ ಬಾಗುವ ಭಯ ಇದೆ. ಅದಕ್ಕೆ ಡೋಪ್ ತುಂಬಾ ತೆಳು, ಮತ್ತು ಒಂದೊಂದು ಮುಖ ಬಿಟ್ಟು ಒಂದೊಂದು ಮುಖಕ್ಕೆ.

ನೇತುಹಾಕುವಾಗ ಮತ್ತೆ ಆ ಶೇ. 22ರ ಲೆಕ್ಕವೇ. ನೌಕೆಯ ತುದಿಗಳು ನಡುವಿಗಿಂತ ಹಗುರ, ಹಾಗಾಗಿ ತಂತಿಗಳನ್ನು ಇನ್ನೂ ಸ್ವಲ್ಪ ಒಳಗೆ, ಮುಖ್ಯ ಬಳೆಗಳಿಗೇ ಕಟ್ಟಿದೆ. ಬಾಲದ ಭಾರಕ್ಕೆ ಹಿಂದಿನ ತಂತಿ ಇನ್ನಷ್ಟು ಹಿಂದಕ್ಕೆ. ಪಟ್ಟಿಗೆ ಕಟ್ಟಬೇಡಿ, 1.5 ಮಿ.ಮೀ. ಪ್ಲೈ ಆ ಎಳೆತಕ್ಕೆ ಸೀಳುತ್ತದೆ. ಹೊದಿಸದ ಪಕ್ಕದಲ್ಲಿ ಧೂಳು ಕೂರುತ್ತದೆ. ಮೆತ್ತನೆ ಬ್ರಷ್ ಸಾಕು, ಗಾಳಿ ಊದುವ ಯಂತ್ರ ಹಿಡಿದರೆ ಟಿಶ್ಯೂ ಹರಿಯುತ್ತದೆ.