ಹಳೇ ಏಸ್‌ಗೆ ಮನೇಲೇ ಟೈಮಿಂಗ್ ಬೆಲ್ಟ್ ಹಾಕಿದ ಅನುಭವ

ಹೊಸ ಟೈಮಿಂಗ್ ಬೆಲ್ಟ್ ಹಾಕೋದಕ್ಕೆ ಮುಂಚೆ ಹಳೇದು ಯಾಕೆ ಕೆಟ್ಟಿತು ಅಂತ ನೋಡಿ. ನಾನು ಇದನ್ನು ಬರೆಯೋಕೆ ಕೂತಿದ್ದೇ ಇದಕ್ಕೆ.

ನಮ್ಮದು ಹಳೇ ಟಾಟಾ ಏಸ್. 702 ಸಿಸಿ, ಎರಡು ಸಿಲಿಂಡರ್ ಡೀಸೆಲ್. 2005ರಲ್ಲಿ ಈ ಮಾಡೆಲ್ ಬಂದ ಮೇಲೆ ದಾವಣಗೆರೆಯಲ್ಲಿ ಸಣ್ಣ ಲೋಡು ಅಂದರೆ ಇದೇ ಗಾಡಿ ಅನ್ನುವ ಹಾಗಾಯಿತು ಅಲ್ವಾ. ನಾವು ಓಡಿಸೋದು ಮಂಡಕ್ಕಿ ಚೀಲಕ್ಕೆ, ಭಟ್ಟಿಯಿಂದ ಹರಿಹರ, ಹೊನ್ನಾಳಿ, ಜಗಳೂರು ಕಡೆಗೆ. ಮಂಡಕ್ಕಿಗೆ ತೂಕ ಇಲ್ಲ, ಎಂಜಿನ್‌ಗೆ ಕಷ್ಟ ಇಲ್ಲ ಅಂತ ಜನ ಹೇಳುತ್ತಾರೆ. ಆದರೆ ಭಟ್ಟಿ ಕಡೆಯ ಭತ್ತದ ಹೊಟ್ಟಿನ ಧೂಳು ಮತ್ತು ಮಸಿ ಗಾಡಿಯ ಸಂದಿಸಂದಿಗೂ ಹೋಗಿ ಕೂರುತ್ತದೆ. ಎಣ್ಣೆ ಜಿನುಗುವ ಜಾಗ ಒಂದಿದ್ದರೆ ಸಾಕು, ಅಲ್ಲಿ ಕಪ್ಪು ಮೆತ್ತೆ ಕಟ್ಟುತ್ತದೆ.

ಟೈಮಿಂಗ್ ಬೆಲ್ಟ್ ಕೆಲಸ ಸರಳ. ಪಿಸ್ಟನ್ ತಿರುಗಿಸುವ ಕೆಳಗಿನ ಶಾಫ್ಟ್, ಅಂದರೆ ಕ್ರ್ಯಾಂಕ್, ಎರಡು ಸುತ್ತು ತಿರುಗುವಾಗ ವಾಲ್ವ್ ತೆರೆಯುವ ಮೇಲಿನ ಶಾಫ್ಟ್, ಅಂದರೆ ಕ್ಯಾಮ್, ಸರಿಯಾಗಿ ಒಂದು ಸುತ್ತು ತಿರುಗಬೇಕು, ಡೀಸೆಲ್ ಪಂಪ್ ಕೂಡ ಅದೇ ಲೆಕ್ಕಕ್ಕೆ ಇರಬೇಕು. ಓಡುವಾಗ ಬೆಲ್ಟ್ ಕಟ್ಟಾದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲೋದಿಲ್ಲ, ತೆರೆದಿರುವ ವಾಲ್ವ್‌ಗೆ ಹೋಗಿ ಹೊಡೆಯುತ್ತದೆ. ಆಮೇಲೆ ಎಂಜಿನ್‌ನ ಮೇಲ್ಭಾಗ, ಅಂದರೆ ಹೆಡ್, ಇಳಿಸಬೇಕು. ಬೆಲ್ಟ್ ಖರ್ಚು ಎಲ್ಲಿ, ಹೆಡ್ ಖರ್ಚು ಎಲ್ಲಿ! ಅದಕ್ಕೇ ಗಾಡಿ ಪುಸ್ತಕದಲ್ಲಿ ಕೊಟ್ಟ ಕಿಲೋಮೀಟರ್ ಮೀರಿಸಬೇಡಿ. ಕಿಲೋಮೀಟರ್ ಆಗದಿದ್ದರೂ ವರ್ಷ ಆಗಿದ್ದರೆ ಬದಲಾಯಿಸಿ. ರಬ್ಬರ್ ನಿಂತಲ್ಲೇ ಮುದಿಯಾಗುತ್ತದೆ.

ಸೀಟು ಎತ್ತಿ, ಬ್ಯಾಟರಿಯ ಮೈನಸ್ ಬಿಚ್ಚಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಶುರು ಮಾಡಿದೆ. ಮೊದಲು ಆಲ್ಟರ್ನೇಟರ್ ಬೆಲ್ಟ್ ತೆಗೆದೆ. ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಸುಮ್ನೆ ಬರೋದಿಲ್ಲ, ಎಂಜಿನ್ನೇ ತಿರುಗಿಬಿಡುತ್ತದೆ. ಗಾಡಿಯನ್ನು ಟಾಪ್ ಗೇರ್‌ಗೆ ಹಾಕಿ ತಮ್ಮನಿಗೆ ಬ್ರೇಕ್ ತುಳಿದು ಹಿಡಿ ಅಂದೆ. ಸಾಕೆಟ್‌ಗೆ ಉದ್ದ ಪೈಪ್ ಸಿಕ್ಕಿಸಿ ಎಳೆದ ಮೇಲೆ ಟಕ್ ಅಂತ ಬಿಟ್ಟಿತು. ಪೂರ್ತಿ ಬಿಚ್ಚಲಿಲ್ಲ. ಗೇರ್ ನ್ಯೂಟ್ರಲ್ ಮಾಡಿ, ಎಂಜಿನ್ ಓಡುವ ದಿಕ್ಕಿಗೇ ನಿಧಾನ ತಿರುಗಿಸಿ, ಪುಲ್ಲಿಗಳ ಮಾರ್ಕ್‌ಗಳೆಲ್ಲ ಎಂಜಿನ್ ಮೇಲಿನ ಮಾರ್ಕ್‌ಗೆ ಎದುರು ಬಂದಾಗ ನಿಲ್ಲಿಸಿದೆ. ಇಲ್ಲಿಂದ ಮುಂದೆ ಬೆಲ್ಟ್ ಹಾಕುವ ತನಕ ಕ್ರ್ಯಾಂಕ್ ಆಗಲಿ ಕ್ಯಾಮ್ ಆಗಲಿ ಅಲುಗಾಡಬಾರದು.

ಕಂಪನಿ ಮಾರ್ಕ್ ಇದ್ದರೂ ನಮ್ಮದೊಂದು ಮಾರ್ಕ್ ಇರಲಿ. ಬಿಳಿ ಪೇಂಟ್‌ನಲ್ಲಿ ಪ್ರತಿ ಪುಲ್ಲಿಯ ಒಂದು ಹಲ್ಲಿಗೂ, ಅದಕ್ಕೆ ಕೂತ ಬೆಲ್ಟ್‌ನ ಹಲ್ಲಿಗೂ ಚುಕ್ಕೆ ಇಟ್ಟೆ. ಬೆಲ್ಟ್ ಮೇಲೆ ತಿರುಗುವ ದಿಕ್ಕಿಗೆ ಬಾಣ ಬರೆದೆ. ಆಮೇಲೆ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಸಡಿಲ ಮಾಡಿದರೆ ಬೆಲ್ಟ್ ಕೈಗೆ ಬಂತು.

ಹಳೇ ಬೆಲ್ಟ್‌ನ ಹಲ್ಲುಗಳು ನೋಡೋಕೆ ಚೆನ್ನಾಗೇ ಇದ್ದವು. ಬಿರುಕಿಲ್ಲ, ನೂಲು ಎದ್ದಿಲ್ಲ. ಆದರೆ ಎಂಜಿನ್ ಕಡೆಯ ಅಂಚು ಉಬ್ಬಿತ್ತು. ಉಗುರಲ್ಲಿ ಒತ್ತಿದರೆ ಗುರುತು ಉಳಿಯುತ್ತಿತ್ತು, ಇನ್ನೊಂದು ಅಂಚು ಮಾತ್ರ ಗಟ್ಟಿ. ಅದು ಎಣ್ಣೆ ಕುಡಿದ ರಬ್ಬರ್. ಕ್ರ್ಯಾಂಕ್ ಪುಲ್ಲಿ ತೆಗೆದಾಗ ಹಿಂದೆ ಹೊಟ್ಟಿನ ಧೂಳು ಎಣ್ಣೆ ಜೊತೆ ಕಲೆತು ಅಂಟಿತ್ತು. ಮುಂದಿನ ಆಯಿಲ್ ಸೀಲ್, ಅಂದರೆ ಕ್ರ್ಯಾಂಕ್ ತುದಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರ, ಹೋಗಿದೆ. ಹಿಂದಿನ ಸಲ ಒಂದು ಗ್ಯಾರೇಜಿನಲ್ಲಿ ಬೆಲ್ಟ್ ಹಾಕಿಸಿದ್ದೆವು, ಅವರು ಸೀಲ್ ಮುಟ್ಟಿರಲಿಲ್ಲ. ಪುಲ್ಲಿ ತನಕ ಬಿಚ್ಚಿದ ಮೇಲೆ ಸೀಲ್ ಹಾಕೋದು ಸಣ್ಣ ಕೆಲಸ, ಸೀಲ್‌ಗೆ ದುಡ್ಡೂ ಜಾಸ್ತಿ ಇಲ್ಲ. ಪಿ.ಬಿ. ರಸ್ತೆಯ ಅಂಗಡಿಯಲ್ಲಿ ಬೆಲ್ಟ್ ಕೇಳಿದ ತಕ್ಷಣ ಅಲ್ಲಿದ್ದ ಹಿರಿಯರು, "ಸೀಲು, ಟೆನ್ಷನರ್ ಬೇಡ್ವಾ? ಬರೀ ಬೆಲ್ಟ್ ತಗೊಂಡು ಏನ್ ಮಾಡ್ತೀರಿ?" ಅಂದಿದ್ದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕ್ರ್ಯಾಂಕ್ ಸೀಲ್, ಕ್ಯಾಮ್ ಸೀಲ್ ಎರಡನ್ನೂ, ಟೆನ್ಷನರ್ ಜೊತೆಗೇ ತಂದಿದ್ದೆ.

ಸೀಲ್ ತೆಗೆಯುವಾಗ ಸ್ಕ್ರೂಡ್ರೈವರ್ ತುದಿ ಶಾಫ್ಟ್‌ಗೆ ತಾಗಬಾರದು. ಅಲ್ಲಿ ಒಂದು ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆ. ತೆಗೆದ ಮೇಲೆ ಶಾಫ್ಟ್ ಮೇಲೆ ಬೆರಳಾಡಿಸಿ. ಹಳೇ ಸೀಲ್‌ನ ತುಟಿ ಉಜ್ಜಿ ಉಜ್ಜಿ ನನ್ನ ಶಾಫ್ಟ್‌ನಲ್ಲಿ ಸಣ್ಣ ಉಂಗುರದ ಗೆರೆ ಬಿದ್ದಿತ್ತು. ಹೊಸ ಸೀಲನ್ನು ಅದೇ ಆಳಕ್ಕೆ ಕೂರಿಸಿದರೆ ತುಟಿ ಮತ್ತೆ ಅದೇ ಗೆರೆ ಮೇಲೆ ಬರುತ್ತದೆ, ಹಾಗಾಗಿ ಕೂದಲೆಳೆಯಷ್ಟು ಹೊರಗೆ ಕೂರಿಸಿದೆ. ತುಟಿಗೆ ಎಂಜಿನ್ ಆಯಿಲ್ ಸವರಿ, ಅದೇ ಅಗಲದ ಪೈಪ್ ತುಂಡು ಇಟ್ಟು, ಸುತ್ತಲೂ ಸಮನಾಗಿ ತಟ್ಟಿದೆ. ಓರೆಯಾಗಿ ಹೋದರೆ ಆ ಸೀಲ್ ಬಿಸಾಕಿ ಬೇರೆ ತನ್ನಿ.

ಸೀಲ್ ಯಾಕೆ ಹೋಯಿತು ಅಂತಲೂ ನೋಡಿ. ವಯಸ್ಸಾಗಿ ಹೋಗಬಹುದು. ಆದರೆ ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ, ಆ ಒತ್ತಡ ಎಣ್ಣೆಯನ್ನು ಸೀಲ್ ಮೂಲಕವೇ ಹೊರಗೆ ತಳ್ಳುತ್ತದೆ. ನಮ್ಮ ಗಾಡಿಯ ಬ್ರೀದರ್ ಪೈಪ್ ಬಿಚ್ಚಿದಾಗ ಒಳಗೆ ಕಾಡಿಗೆಯಂಥ ಕೆಸರು, ಊದಿದರೆ ಉಸಿರೇ ಹೋಗಲಿಲ್ಲ. ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ ಹಾಕಿದೆ. ಇದನ್ನು ಬಿಟ್ಟು ಬರೀ ಬೆಲ್ಟ್ ಹಾಕಿದ್ದರೆ ಹೊಸದಕ್ಕೂ ಅದೇ ಗತಿ ಆಗುತ್ತಿತ್ತು.

ಹೊಸ ಬೆಲ್ಟನ್ನು ಮಡಚಬೇಡಿ, ಒಳಗಿನ ನೂಲು ಮುರಿಯುತ್ತದೆ. ಎಣ್ಣೆ ಕೈಯಲ್ಲಿ ಮುಟ್ಟಬೇಡಿ. ಹಳೇದರ ಪಕ್ಕ ಇಟ್ಟು ಹಲ್ಲು ಎಣಿಸಿ, ಬಿಳಿ ಚುಕ್ಕೆಗಳನ್ನು ಅದೇ ಲೆಕ್ಕಕ್ಕೆ ಹೊಸದಕ್ಕೆ ದಾಟಿಸಿದೆ. ಕೆಳಗೆ ಕ್ರ್ಯಾಂಕ್‌ನಿಂದ ಶುರು ಮಾಡಿ, ಟೆನ್ಷನರ್ ಇಲ್ಲದ ಕಡೆ ಬಿಗಿಯಾಗಿ ಹಿಡಿದು ಮೇಲೆ ತಂದೆ. ಸಡಿಲವೆಲ್ಲ ಟೆನ್ಷನರ್ ಕಡೆಗೇ ಬರಬೇಕು. ಬಿಗಿ ಎಷ್ಟು ಅನ್ನೋದಕ್ಕೆ ಮೇಸ್ತ್ರಿಗಳು ಬೆಲ್ಟ್‌ನ ಉದ್ದ ಭಾಗವನ್ನು ಎರಡು ಬೆರಳಲ್ಲಿ ತಿರುಚಿ ನೋಡುತ್ತಾರೆ, 90 ಡಿಗ್ರಿಯಷ್ಟು ತಿರುಗಿದರೆ ಸರಿ ಅನ್ನುತ್ತಾರೆ. ಜಾಸ್ತಿ ಬಿಗಿದರೆ ಕೊಂಯ್ ಅನ್ನುತ್ತದೆ, ಬೇರಿಂಗ್ ತಿನ್ನುತ್ತದೆ. ಕಮ್ಮಿಯಾದರೆ ಹಲ್ಲು ಹಾರುತ್ತದೆ.

ಈಗ ಸೆಲ್ಫ್ ಹೊಡೆಯುವ ಆಸೆ ಬರುತ್ತದೆ. ತಮ್ಮ ಕೀ ಹಿಡಿದೇ ನಿಂತಿದ್ದ. "ಹೊಡಿಲಾ ಅಣ್ಣಾ?" ಅಂದ. ಬೇಡ ಅಂದೆ. ಕ್ರ್ಯಾಂಕ್ ಬೋಲ್ಟ್‌ಗೆ ಸಾಕೆಟ್ ಹಾಕಿ ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ವಾಲ್ವ್‌ಗೆ ಪಿಸ್ಟನ್ ತಾಗಿರಬಹುದು. ಎರಡು ಸುತ್ತಾದ ಮೇಲೆ ಪುಲ್ಲಿ ಮಾರ್ಕ್‌ಗಳು ಎಂಜಿನ್ ಮಾರ್ಕ್‌ಗೆ ಮತ್ತೆ ಎದುರು ಬರಬೇಕು. ಬೆಲ್ಟ್ ಮೇಲಿನ ಚುಕ್ಕೆಗಳು ಆಗ ಬೇರೆಲ್ಲೋ ಇರುತ್ತವೆ. ಅದಕ್ಕೆ ಗಾಬರಿ ಬೇಡ, ಬೆಲ್ಟ್ ತನ್ನ ಸುತ್ತು ಇನ್ನೂ ಮುಗಿಸಿರೋದಿಲ್ಲ. ಹೊಸಬರು ತಲೆ ಕೆಡಿಸಿಕೊಂಡು ಮತ್ತೆ ಬಿಚ್ಚೋದು ಇಲ್ಲೇ.

ಬೆಲ್ಟ್ ಮುಚ್ಚುವ ಕವರ್ ಹಾಕಿ, ಪುಲ್ಲಿ ಬೋಲ್ಟನ್ನು ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ರೆಂಚ್‌ನಲ್ಲೇ ಬಿಗಿದು, ಆಮೇಲೆ ಸೆಲ್ಫ್ ಹೊಡೆದೆವು. ಡೀಸೆಲ್ ಪೈಪ್ ಎಲ್ಲೂ ಬಿಚ್ಚದೇ ಇದ್ದದ್ದರಿಂದ ಏರ್ ತೆಗೆಯುವ ಕೆಲಸ ಇರಲಿಲ್ಲ, ಕೂಡಲೇ ಸ್ಟಾರ್ಟ್ ಆಯಿತು. ಬಿಳಿ ಹೊಗೆ ಬಿಟ್ಟು ಎಳೆಯದೇ ಇದ್ದರೆ, ಅಥವಾ ಟಣಟಣ ಅಂತ ಜಾಸ್ತಿ ಬಡಿದರೆ, ಪಂಪ್ ಒಂದು ಹಲ್ಲು ಆಚೀಚೆ ಆಗಿರಬಹುದು. ತಕ್ಷಣ ಆಫ್ ಮಾಡಿ ಮಾರ್ಕ್ ನೋಡಿ.

ಹರಿಹರದ ತನಕ ಲೋಡ್ ಹಾಕಿ ಓಡಿಸಿ ಬಂದು ಕವರ್ ಮತ್ತೆ ತೆಗೆದೆ. ಸೀಲ್ ಸುತ್ತ ಬಿಳಿ ಕಾಗದ ಒತ್ತಿದೆ, ಎಣ್ಣೆ ಅಂಟಲಿಲ್ಲ. ಕವರ್ ಮೇಲೆ ತಾರೀಖು, ಕಿಲೋಮೀಟರ್ ಎರಡೂ ಪೇಂಟ್‌ನಲ್ಲಿ ಬರೆದಿದ್ದೇನೆ. ಬ್ರೀದರ್ ಪೈಪ್ ಮಾತ್ರ ಇನ್ನು ಮೇಲೆ ಆಯಿಲ್ ಬದಲಾಯಿಸುವಾಗಲೆಲ್ಲ ಬಿಚ್ಚಿ ಊದಿ ನೋಡುತ್ತೇನೆ.